ಮಿಲ್ಸ್ ಗ್ರೆನೇಡ್: ಸಂಗ್ರಾಹಕರ ಅಚ್ಚುಮೆಚ್ಚು

ಸ್ಫೋಟಕ ತೆಗೆದ ಸೇನಾ ಗ್ರೆನೇಡುಗಳ ಸಂಗ್ರಹದಲ್ಲಿ ಬ್ರಿಟನ್ನಿನ ಮಿಲ್ಸ್ ಗ್ರೆನೇಡಿಗೆ ವಿಶೇಷ ಸ್ಥಾನವಿದೆ. ಬರ್ಮಿಂಗ್‌ಹ್ಯಾಮಿನ ವಿಲಿಯಂ ಮಿಲ್ಸ್ ರೂಪಿಸಿದ ಇದು 1915ರಲ್ಲಿ 5ನೇ ನಮೂನೆಯಾಗಿ ಸೇನೆ ಸೇರಿತು. ಮುಂದೆ 23 ಮತ್ತು 36ನೇ ನಮೂನೆಗಳು ಬಂದವು. ಮೆಸೊಪೊಟೇಮಿಯಾದ ಹವೆಯನ್ನು ತಾಳಿಕೊಳ್ಳಲೆಂದು 36ಎಂ ನಮೂನೆಗೆ ಅರಗಿನ ಲೇಪ ಕೊಡಲಾಯಿತು. ಭಾರತೀಯ ಸೇನೆಯೂ ಈ ನಮೂನೆಯನ್ನು ದಶಕಗಳ ಕಾಲ ಬಳಸಿತು.

ಎರಕದ ಕಬ್ಬಿಣದ ಒಡಲು ಅನಾನಸ್ ಹಣ್ಣಿನಂತೆ ಚೌಕಚೌಕವಾಗಿದೆ. ಈ ಗೀರುಗಳು ಮುಖ್ಯವಾಗಿ ಕೈಹಿಡಿತಕ್ಕಾಗಿ. ಒಡಲು ಗೀರಿನ ಗುಂಟವೇ ಸಿಡಿಯುವುದಿಲ್ಲ. ಒಳಗಿನ ರಚನೆ ಸರಳ: ಪಿನ್ನು ಎಳೆದು ಎಸೆದಾಗ ಸನ್ನೆ ಹಾರಿಹೋಗುತ್ತದೆ, ಸ್ಪ್ರಿಂಗಿನ ಒತ್ತಡಕ್ಕೆ ಹೊಡೆಗೂಟ ಕೆಳಗಿಳಿದು ಕ್ಯಾಪನ್ನು ಬಡಿಯುತ್ತದೆ, ಬತ್ತಿ ಕೆಲವು ಸೆಕೆಂಡು ಉರಿದು ಡಿಟೊನೇಟರನ್ನು ಮುಟ್ಟುತ್ತದೆ.

ಸಂಗ್ರಾಹಕರ ಕಣ್ಣು ಮೊದಲು ತಳದ ಬಿರಡೆಯ ಮೇಲೆ ಬೀಳುತ್ತದೆ. ತಯಾರಕರ ಹೆಸರು, ನಮೂನೆಯ ಸಂಖ್ಯೆ, ಹಲವು ಬಾರಿ ಇಸವಿಯೂ ಅಲ್ಲಿರುತ್ತವೆ. ಅನೇಕ ಕಾರ್ಖಾನೆಗಳು ಇದನ್ನು ತಯಾರಿಸಿದ್ದರಿಂದ ಬಿರಡೆಗಳಲ್ಲಿ ಅಪಾರ ವೈವಿಧ್ಯವಿದೆ. ಬಿಳಿ ಬಣ್ಣ ಬಳಿದು ತೂತು ಕೊರೆದ ಕವಾಯತಿನ ಮಾದರಿಗಳೂ ಸಿಗುತ್ತವೆ. ಬಿಡಿಭಾಗಗಳೆಲ್ಲ ಒಂದೇ ಕಾಲದವಾಗಿದ್ದರೆ ಬೆಲೆ ಹೆಚ್ಚು.

ಇಂಥ ಗ್ರೆನೇಡುಗಳನ್ನು ಇಟ್ಟುಕೊಳ್ಳುವ ಕುರಿತ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹೊರನೋಟದಿಂದ ಸಜೀವವೋ ನಿರ್ಜೀವವೋ ಹೇಳಲಾಗದು. ತಜ್ಞರು ಪರೀಕ್ಷಿಸಿದ ವಸ್ತುವೇ ಸಂಗ್ರಹಯೋಗ್ಯ. ನೆಲದಲ್ಲಿ ಸಿಕ್ಕಿದ್ದನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.