ಕನ್ನಡಿಯ ಹಿಂದಿನ ಗಂಡ

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ‘ಟ್ರೂ ಲೈಸ್’ (1994) ನಗಿಸುವ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. 1991ರ ಫ್ರೆಂಚ್ ಚಿತ್ರ ‘ಲಾ ತೊತಾಲ್’ನಿಂದ ಕಥೆ ಪಡೆದ ಇದರಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗುಪ್ತಚರ ಹ್ಯಾರಿ. ಹಲವು ವರ್ಷ ಜೊತೆಗೆ ಬಾಳಿದ ಪತ್ನಿ ಹೆಲೆನ್‌ಗೆ (ಜೇಮೀ ಲೀ ಕರ್ಟಿಸ್) ಅವನೊಬ್ಬ ಕಂಪ್ಯೂಟರ್ ಮಾರಾಟಗಾರ ಮಾತ್ರ.

ವೃತ್ತಿಯ ಗೌಪ್ಯವನ್ನು ದೋಷವೆನ್ನಲಾರೆ. ಪಾಪನಿವೇದನೆಯ ಗುಟ್ಟು ಕಾಯುವ ಗುರುವಿಗೆ ಅದರ ಭಾರ ತಿಳಿದಿದೆ. ಆದರೆ ಸಂದೇಹ ಮೂಡಿದೊಡನೆ ಹ್ಯಾರಿ ಪತ್ನಿಯ ಫೋನಿಗೆ ಕಿವಿಯಿಡುತ್ತಾನೆ; ಅವಳನ್ನು ಹಿಡಿದು ತರಿಸುತ್ತಾನೆ; ಕನ್ನಡಿಯ ಹಿಂದೆ ಅಡಗಿ, ಮಾರ್ಪಡಿಸಿದ ದನಿಯಲ್ಲಿ ವಿಚಾರಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಹೆಲೆನ್‌ಗೆ ಅದು ನಗೆಯಲ್ಲ. ಬದುಕಿನಲ್ಲಿ ಒಮ್ಮೆಯಾದರೂ ಯಾರಿಗಾದರೂ ಬೇಕಾದವಳಾಗಿ, ನಂಬಿಕೆಗೆ ಪಾತ್ರಳಾಗಿ ಬಾಳುವ ಹಂಬಲವಿತ್ತೆಂದು ಅವಳು ತೋಡಿಕೊಳ್ಳುತ್ತಾಳೆ. ಆ ಕೊರತೆಗೆ ಕಾರಣನಾದವನೇ ನ್ಯಾಯಾಧೀಶನ ಪೀಠದಲ್ಲಿದ್ದಾನೆ!

ಚಿತ್ರ ಸೋಲುವುದು ಇಲ್ಲಿಯೇ. ಮುಂದೆ ಹ್ಯಾರಿಯ ಬಾಯಿಂದ ಸತ್ಯ ಹೊರಡುವುದು ಪಶ್ಚಾತ್ತಾಪದಿಂದಲ್ಲ, ಭಯೋತ್ಪಾದಕರು ಚುಚ್ಚಿದ ಮದ್ದಿನಿಂದ. ಕ್ಷಮೆಯ ಸ್ಥಾನವನ್ನು ಸ್ಫೋಟಗಳು ಆಕ್ರಮಿಸುತ್ತವೆ. ಹೋಟೆಲಿನ ನೃತ್ಯದ ದೃಶ್ಯವಂತೂ ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ.

ಆದರೂ ದಂಪತಿಗಳು ಈ ಚಿತ್ರದ ಬಗ್ಗೆ ಮಾತನಾಡಿಕೊಳ್ಳಬೇಕು. ಸಂಗಾತಿಯ ಮೊಬೈಲನ್ನು ಕದ್ದು ನೋಡಲು ಇಂದು ಯಾವ ಗುಪ್ತಚರ ಇಲಾಖೆಯೂ ಬೇಕಿಲ್ಲ. ಎದುರಿಗೆ ಕುಳಿತು, ಸ್ವಂತ ದನಿಯಲ್ಲಿ, “ನಿನಗೆ ನನ್ನಿಂದ ಏನು ಕೊರತೆಯಾಗಿದೆ?” ಎಂದು ಕೇಳಲು ಮಾತ್ರ ಧೈರ್ಯ ಬೇಕು. ಬಲಿಪೀಠದ ಮುಂದೆ ನೀವು ಪರಸ್ಪರ ವಾಗ್ದಾನ ಮಾಡಿದ್ದು ಆ ಧೈರ್ಯವನ್ನೇ.