ಎವೆಯ ನುಡಿ, ಕೇಳುಗರ ಸರದಿ: ಬೊಬಿಯ ಆತ್ಮಕಥನದ ಒಂದು ಭಾಷಾವೈಜ್ಞಾನಿಕ ಮರು ಓದು

1. ಪ್ರವೇಶ

ಫ್ರಾನ್ಸಿನ 'ಎಲ್' ಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದ ಝಾಂ-ದೊಮಿನಿಕ್ ಬೊಬಿ 1995ರ ಡಿಸೆಂಬರ್ 8ರಂದು ಮೆದುಳುಕಾಂಡದ ಆಘಾತಕ್ಕೆ ತುತ್ತಾದರು. ಸುಮಾರು ಇಪ್ಪತ್ತು ದಿನಗಳ ನಂತರ ಎಚ್ಚರ ಮರಳಿದಾಗ ಅವರ ನೆನಪು, ವಿವೇಕ, ಭಾಷಾಜ್ಞಾನ ಎಲ್ಲವೂ ಉಳಿದಿದ್ದವು. ಮಾತು ಮಾತ್ರ ಉಳಿದಿರಲಿಲ್ಲ. ಸಂಕೇತಕ್ಕೆ ಒದಗುವಂತೆ ಅವರ ವಶದಲ್ಲಿದ್ದುದು ಎಡಗಣ್ಣಿನ ಎವೆ. ವೈದ್ಯಶಾಸ್ತ್ರವು 'ಲಾಕ್ಡ್-ಇನ್ ಸಿಂಡ್ರೋಮ್' ಎಂದು ಕರೆಯುವ ಸ್ಥಿತಿಯಿದು. ಬೆರ್ಕ್ ಕಡಲತೀರದ ಆಸ್ಪತ್ರೆಯಲ್ಲಿ ಅವರು ಎವೆ ಬಡಿದು ಹೇಳಿದ್ದನ್ನು ಕ್ಲೋದ್ ಮಾಂದಿಬಿಲ್ ಅಕ್ಷರ ಅಕ್ಷರವಾಗಿ ಬರೆದುಕೊಂಡರು. ಇಂಗ್ಲಿಷಿನಲ್ಲಿ 'ದ ಡೈವಿಂಗ್ ಬೆಲ್ ಅಂಡ್ ದ ಬಟರ್‌ಫ್ಲೈ' ಎಂದು ಹೆಸರಾದ ಆ ಪುಸ್ತಕ 1997ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ, ಮಾರ್ಚ್ 9ರಂದು, ಬೊಬಿ ತೀರಿಕೊಂಡರು.

ಈ ಕೃತಿಯನ್ನು ದೇಹದ ಮೇಲೆ ಮನಸ್ಸು ಸಾಧಿಸಿದ ಗೆಲುವಿನ ಕಥೆಯೆಂದು ಓದುವುದು ರೂಢಿ. ಭಾಷಾವಿಜ್ಞಾನದ ವಿದ್ಯಾರ್ಥಿಗೆ ಆ ಓದು ಸಾಲದು. ಬೊಬಿ ಹೇಗೆ 'ಮಾತನಾಡಿದರು' ಎಂಬುದಕ್ಕಿಂತ ಉಳಿದವರು ಅವರನ್ನು ಹೇಗೆ ಕೇಳಿದರು ಎಂಬುದರ ದಾಖಲೆಯಾಗಿ ಈ ಪುಸ್ತಕ ನಮಗೆ ಮುಖ್ಯವಾಗುತ್ತದೆ. ಮಾತಿಲ್ಲದವರ ಸಂವಹನದಲ್ಲಿ ನಿರ್ಣಾಯಕವಾದುದು ಕೇಳುಗರ ಊಹೆಯನ್ನು ನಿರಾಕರಿಸುವ ಅವಕಾಶ ಎಂಬುದು ನಮ್ಮ ವಾದ. ಕನ್ನಡದ ರಚನೆ ಈ ಅವಕಾಶವನ್ನು ಇನ್ನಷ್ಟು ಅನಿವಾರ್ಯವಾಗಿಸುತ್ತದೆ ಎಂಬುದನ್ನೂ ಮುಂದೆ ತೋರಿಸಲಿದ್ದೇವೆ.

2. ಸಂಭಾಷಣೆಯ ಕಾಲಮಾನ

ಬೊಬಿಗೆ ಒದಗಿದ ವಿಧಾನ ಸರಳವಾದುದು. ಫ್ರೆಂಚ್ ಅಕ್ಷರಗಳನ್ನು ಬಳಕೆಯ ಪ್ರಮಾಣಕ್ಕೆ ಅನುಗುಣವಾಗಿ ಇ, ಎಸ್, ಎ, ಆರ್, ಐ, ಎನ್ ಎಂಬ ಕ್ರಮದಲ್ಲಿ ಜೋಡಿಸಲಾಗಿತ್ತು. ಕೇಳುಗರು ಅವನ್ನು ಒಂದೊಂದಾಗಿ ಓದುತ್ತಾರೆ. ಬೇಕಾದ ಅಕ್ಷರ ಬಂದಾಗ ಬೊಬಿ ಎವೆ ಬಡಿಯುತ್ತಾರೆ. ಇಡೀ ಪುಸ್ತಕಕ್ಕೆ ಸುಮಾರು ಎರಡು ಲಕ್ಷ ಬಡಿತಗಳು ಬೇಕಾದವೆಂದು ಅಂದಾಜಿಸಲಾಗಿದೆ.

ಈ ಗತಿಯನ್ನು ಸಂಭಾಷಣಾ ವಿಶ್ಲೇಷಣೆಯ ಮೂಲ ಪ್ರತಿಪಾದನೆಗಳ ಪಕ್ಕದಲ್ಲಿಟ್ಟು ನೋಡಬೇಕು. ಸ್ಯಾಕ್ಸ್, ಶೆಗ್ಲಾಫ್ ಮತ್ತು ಜೆಫರ್ಸನ್ 1974ರಲ್ಲಿ ವಿವರಿಸಿದ ಸರದಿ ವ್ಯವಸ್ಥೆಯಲ್ಲಿ, ಮಾತನಾಡುತ್ತಿರುವವರು ಮುಂದಿನವರನ್ನು ಆರಿಸದಿದ್ದರೆ ಮೊದಲು ಬಾಯಿ ತೆರೆದವರಿಗೆ ಸರದಿ ಸಲ್ಲುತ್ತದೆ. ಸ್ಟೈವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಶ್ನೆ ಮತ್ತು ಉತ್ತರಗಳ ನಡುವಣ ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡು. ಈ ಅಳತೆಗೋಲಿನಲ್ಲಿ ಬೊಬಿಯ ಪ್ರತಿಯೊಂದು ಅಕ್ಷರದ ನಂತರವೂ 'ದೀರ್ಘ ಮೌನ'ವೊಂದು ಬರುತ್ತದೆ. ಪ್ರತಿಯೊಂದು ಮೌನವೂ ಇತರರಿಗೆ ಸರದಿಯನ್ನು ಬಿಟ್ಟುಕೊಟ್ಟಂತೆ ಕೇಳಿಸುತ್ತದೆ. ಸರದಿಯನ್ನು ಕಸಿದುಕೊಳ್ಳುವವರು ಅಸಭ್ಯರೇನಲ್ಲ. ಅವರು ಬಾಲ್ಯದಿಂದ ಕಲಿತ ನಿಯಮವನ್ನೇ ಪಾಲಿಸುತ್ತಿರುತ್ತಾರೆ. ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಬೊಬಿ ತಮ್ಮ ಕೇಳುಗರನ್ನು ವರ್ಗೀಕರಿಸುವ ಬಗೆ ಕ್ಷೇತ್ರಕಾರ್ಯದ ಟಿಪ್ಪಣಿಗಳಷ್ಟು ಖಚಿತವಾಗಿದೆ. ಆತುರದವರು ಪದವನ್ನು ತಾವೇ ಮುಗಿಸುತ್ತಾರೆ. ಶ್ರದ್ಧಾವಂತರು ವಾಕ್ಯ ಪೂರ್ಣಗೊಳ್ಳುವವರೆಗೂ ಅರ್ಥ ಬಿಡಿಸಲು ಹೋಗದೆ ಅಕ್ಷರಗಳನ್ನಷ್ಟೇ ಬರೆದುಕೊಳ್ಳುತ್ತಾರೆ. ಒಮ್ಮೆ ಅವರು ಕನ್ನಡಕ ಕೇಳಲು ಹೊರಟಾಗ ಕೇಳುಗರು ನಡುವೆಯೇ ನಿಂತು, ಚಂದ್ರನನ್ನು ತೆಗೆದುಕೊಂಡು ಏನು ಮಾಡುತ್ತೀರಿ ಎಂದು ವಿಚಾರಿಸಿದರಂತೆ. ಫ್ರೆಂಚಿನಲ್ಲಿ ಕನ್ನಡಕಕ್ಕಿರುವ 'ಲ್ಯುನೆತ್' ಎಂಬ ಪದದ ಮೊದಲ ನಾಲ್ಕು ಅಕ್ಷರಗಳು ಚಂದ್ರನ ಹೆಸರೂ ಹೌದು. ಇದು ನಗು ತರಿಸುವ ಪ್ರಸಂಗ. ಆದರೆ ಹಾಸ್ಯವೇ ತಮ್ಮ ಕೈತಪ್ಪಿತೆಂದು ಬೊಬಿ ಬೇರೆಡೆ ಕೊರಗುತ್ತಾರೆ. ಚುರುಕಾದ ಮರುಮಾತು ನಿಮಿಷಗಳ ನಂತರ ಪೂರ್ಣಗೊಂಡಾಗ ಅದರಲ್ಲಿ ಸ್ವಾರಸ್ಯ ಉಳಿದಿರುವುದಿಲ್ಲ. ಕಾಲ ತಪ್ಪಿದ ಮಾತು ತನ್ನ ಅರ್ಥವನ್ನು ಉಳಿಸಿಕೊಂಡರೂ ಕ್ರಿಯೆಯನ್ನು ಕಳೆದುಕೊಳ್ಳುತ್ತದೆ.

ಜೂಲಿಯನ್ ಶ್ನಾಬೆಲ್ ನಿರ್ದೇಶಿಸಿದ 2007ರ ಚಲನಚಿತ್ರದ ಬಗ್ಗೆ ನಮ್ಮ ಮುಖ್ಯ ಆಕ್ಷೇಪವೂ ಇದೇ. ಚಿತ್ರವು ಬೊಬಿಯ ಒಳಮಾತನ್ನು ಹಿನ್ನೆಲೆ ಧ್ವನಿಯಾಗಿ ನಿರರ್ಗಳವಾಗಿ ಕೇಳಿಸುತ್ತದೆ. ಪ್ರೇಕ್ಷಕರು ಅವರ ಕಣ್ಣಿನೊಳಗಿಂದ ಜಗತ್ತನ್ನು ನೋಡುತ್ತಾರೆ. ಕಾಯುವ ಶ್ರಮ ಬಹುಮಟ್ಟಿಗೆ ಅವರಿಗೆ ತಪ್ಪುತ್ತದೆ. ಅನುಕಂಪ ಸುಲಭವಾಗುತ್ತದೆ, ಕೇಳುವಿಕೆಯ ಕಷ್ಟ ಮರೆಯಾಗುತ್ತದೆ.

3. ಮಾತು ಯಾರದು?

ಗಾಫ್‌ಮನ್ 1981ರಲ್ಲಿ 'ಭಾಷಕ' ಎಂಬ ಒಂದೇ ಪರಿಕಲ್ಪನೆಯನ್ನು ಉಚ್ಚರಿಸುವವರು, ರಚಿಸುವವರು, ಹೊಣೆ ಹೊರುವವರು ಎಂದು ಮೂರಾಗಿ ಬಿಡಿಸಿದರು. ಈ ಪುಸ್ತಕದಲ್ಲಿ ಉಚ್ಚಾರಣೆ ಮಾಂದಿಬಿಲ್ ಅವರದು, ರಚನೆ ಮತ್ತು ಹೊಣೆ ಬೊಬಿಯವು. ಈ ಹಂಚಿಕೆ ಯಾವಾಗಲೂ ಇಷ್ಟು ಶುಚಿಯಾಗಿರುವುದಿಲ್ಲ. ಚಾರ್ಲ್ಸ್ ಗುಡ್‌ವಿನ್ 1995ರಲ್ಲಿ ಬರೆದ ಪ್ರಸಿದ್ಧ ಲೇಖನದ ಕೇಂದ್ರದಲ್ಲಿರುವ ವ್ಯಕ್ತಿಗೆ ಪಾರ್ಶ್ವವಾಯುವಿನ ನಂತರ ಉಳಿದದ್ದು 'ಎಸ್', 'ನೋ', 'ಅಂಡ್' ಎಂಬ ಮೂರೇ ಪದಗಳು. ಆತ ಇತರರ ಪದಗಳನ್ನೇ ಸಾಮಗ್ರಿಯಾಗಿಸಿಕೊಂಡು, ಸ್ವರಭಾರ ಮತ್ತು ಅಭಿನಯಗಳ ನೆರವಿನಿಂದ, ಸಮರ್ಥ ಭಾಷಕರಾಗಿಯೇ ಬದುಕಿದರು. ಭಾಷಾಸಾಮರ್ಥ್ಯ ಒಬ್ಬರ ತಲೆಯೊಳಗಷ್ಟೇ ಇರದೆ ಸಂಭಾಷಿಗಳ ನಡುವೆ ಹಂಚಿಕೆಯಾಗಿರುತ್ತದೆ ಎಂಬ ಗುಡ್‌ವಿನ್ ಅವರ ನಿಲುವನ್ನು ನಾವು ಒಪ್ಪುತ್ತೇವೆ.

ಆದರೆ ಹಂಚಿಕೆ ಅಪಹರಣವಾಗುವ ಅಪಾಯವೂ ಇದೆ. 'ಫೆಸಿಲಿಟೇಟೆಡ್ ಕಮ್ಯುನಿಕೇಶನ್' ಎಂಬ ಪದ್ಧತಿಯಲ್ಲಿ ಸಹಾಯಕರು ಮಾತಿಲ್ಲದವರ ಕೈ ಹಿಡಿದು ಕೀಲಿಮಣೆಯ ಮೇಲೆ ಬರೆಸುತ್ತಿದ್ದರು. 1990ರ ದಶಕದ ನಿಯಂತ್ರಿತ ಪರೀಕ್ಷೆಗಳಲ್ಲಿ ಇಬ್ಬರಿಗೂ ಬೇರೆಬೇರೆ ಚಿತ್ರ ತೋರಿಸಿದಾಗ, ಸಹಾಯಕರು ಕಂಡದ್ದೇ ಬರಹಕ್ಕೆ ಇಳಿಯಿತು. ಹಾಗಾದರೆ ಸಹರಚನೆ ಮತ್ತು ಅಪಹರಣಗಳ ನಡುವಿನ ಗೆರೆ ಯಾವುದು? ತಿದ್ದುಪಡಿಯ ಸಾಧ್ಯತೆ ಎಂಬುದು ನಮ್ಮ ಉತ್ತರ. ಗುಡ್‌ವಿನ್ ಅವರ ನಾಯಕನಿಗೆ 'ನೋ' ಇತ್ತು; ಬೊಬಿಗೆ ಊಹೆಯನ್ನು ತಳ್ಳಿಹಾಕುವ ಬಡಿತವಿತ್ತು. ಹಿಡಿದ ಕೈಗೆ ಅಂತಹ ಪ್ರತ್ಯೇಕ ಸಂಕೇತವೇ ಇರಲಿಲ್ಲ.

4. ಕನ್ನಡದ ಪ್ರಶ್ನೆ

ಇದೇ ಸ್ಥಿತಿಯಲ್ಲಿರುವ ಕನ್ನಡಿಗರೊಬ್ಬರಿಗೆ ಫ್ರೆಂಚಿನ ವಿಧಾನವನ್ನು ಹಾಗೆಯೇ ಒಗ್ಗಿಸಬಹುದೇ? ಮೂರು ತೊಡಕುಗಳನ್ನು ಗಮನಿಸೋಣ.

ಮೊದಲನೆಯದು ವರ್ಣಮಾಲೆ. 49 ವರ್ಣಗಳನ್ನು ಸಾಲಾಗಿ ಓದುತ್ತಾ ಹೋದರೆ 'ನೀರು' ಎಂಬ ಪದದ ನ, ಈ, ರ, ಉ ವರ್ಣಗಳಿಗಾಗಿ ಕ್ರಮವಾಗಿ 35, 4, 42, 5, ಒಟ್ಟು 86 ವರ್ಣಗಳನ್ನು ಓದಬೇಕು. ಬದಲಿಗೆ ಸ್ವರ, ಯೋಗವಾಹ, ಐದು ವರ್ಗಗಳು, ಅವರ್ಗೀಯ ಎಂದು ಎಂಟು ಸಾಲು ಮಾಡಿ, ಮೊದಲು ಸಾಲನ್ನೂ ನಂತರ ಅದರೊಳಗಿನ ವರ್ಣವನ್ನೂ ಆರಿಸಿದರೆ ಅದೇ ಪದ 32 ಹೆಜ್ಜೆಗಳಲ್ಲಿ ಮುಗಿಯುತ್ತದೆ. ನಮ್ಮ ವೈಯಾಕರಣರು ಉಚ್ಚಾರಣಾ ಸ್ಥಾನಗಳ ಮೇಲೆ ಕಟ್ಟಿದ ವರ್ಗವಿಭಾಗ ಇಲ್ಲಿ ಸಿದ್ಧ ಫಲಕವಾಗಿ ಒದಗುತ್ತದೆ. ಸಾಲುಗಳ ಒಳಕ್ರಮವನ್ನು ಆಡುಮಾತಿನ ವರ್ಣಾವೃತ್ತಿಯ ಆಧಾರದ ಮೇಲೆ ಇನ್ನಷ್ಟು ಸುಧಾರಿಸಬಹುದು.

ಎರಡನೆಯದು ನಿಷೇಧದ ಸ್ಥಾನ. ಬರಹದ ಫ್ರೆಂಚಿನಲ್ಲಿ ನಿಷೇಧದ ಸುಳಿವು ಕ್ರಿಯಾಪದಕ್ಕಿಂತ ಮೊದಲೇ ಸಿಗುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ತುದಿಗೆ ಬರುತ್ತದೆ. ಆಸ್ಪತ್ರೆಯ ಹಾಸಿಗೆಯಿಂದ 'ಟ್ಯೂಬ್ ತೆಗೆಯಬೇ' ಎಂಬಲ್ಲಿಯವರೆಗೆ ವರ್ಣಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಮುಂದೆ 'ಕು' ಬಂದರೆ ತೆಗೆಯಬೇಕು, 'ಡಿ' ಬಂದರೆ ತೆಗೆಯಬೇಡಿ. ಇಲ್ಲಿ ಆತುರದ ಕೇಳುಗರು ಪದವನ್ನು ಮುಗಿಸಿದರೆ ಚಂದ್ರ ಕನ್ನಡಕಗಳ ಗೊಂದಲವಾಗದು, ಸಮ್ಮತಿಯೇ ತಲೆಕೆಳಗಾಗುತ್ತದೆ. ಆ ಕೊನೆಯ ಸ್ವರದಲ್ಲಿ ಸಂಬಂಧವೂ ಅಡಗಿದೆ: 'ಬೇಡ' ಮತ್ತು 'ಬೇಡಿ'ಗಳ ಅಂತರ ಮಗನಿಗೂ ವೈದ್ಯರಿಗೂ ಇರುವ ಅಂತರ. ದಣಿದವರು ಒಂದು ವರ್ಣ ಉಳಿಸಲು ಹೋದರೆ ಮರ್ಯಾದೆ ತಪ್ಪಿದಂತಾಗುತ್ತದೆ. ಬರೆದುಕೊಳ್ಳುವವರು ಅದನ್ನು ತಾವೇ ತುಂಬಿದರೆ ಸಂಬಂಧವನ್ನು ನಿರ್ಧರಿಸಿದವರು ಅವರೇ ಆಗುತ್ತಾರೆ.

ಮೂರನೆಯದು 'ಹೌದು' ಮತ್ತು 'ಅಲ್ಲ'ಗಳ ಸಂಕೇತ. ಒಂದು ಬಡಿತ ಹೌದು, ಎರಡು ಬಡಿತ ಅಲ್ಲ ಎಂಬ ರೂಢಿ ಎಲ್ಲೆಡೆಗೂ ಹೊಂದುವಂತೆ ಕಾಣುತ್ತದೆ. ಆದರೆ ಕನ್ನಡದಲ್ಲಿ ಅಲ್ಲ, ಇಲ್ಲ, ಬೇಡ ಎಂಬುವು ಮೂರು ಬೇರೆ ನಿಷೇಧಗಳು. ಸಾಲದ್ದಕ್ಕೆ ನಾವು ಹಲವು ಪ್ರಶ್ನೆಗಳಿಗೆ ಕ್ರಿಯಾಪದವನ್ನೇ ಮರಳಿಸಿ ಉತ್ತರಿಸುತ್ತೇವೆ. 'ಊಟ ಬೇಡವೇ?' ಎಂಬ ಪ್ರಶ್ನೆಗೆ ಒಂದು ಬಡಿತ ಬಂದರೆ, ಬೇಕೆಂದೋ ಬೇಡವೆಂದೋ? ನಿಷೇಧಾರ್ಥದ ಪ್ರಶ್ನೆಗಳನ್ನು ಕೇಳದಿರುವುದು ಇಲ್ಲಿ ಪಾಲಿಸಬೇಕಾದ ಮೊದಲ ಶಿಸ್ತು.

5. ಉಪಸಂಹಾರ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಂವಹನದ ವ್ಯಾಖ್ಯೆಯಲ್ಲಿ ವರ್ಧಕ ಮತ್ತು ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಇದು ಸ್ವಾಗತಾರ್ಹ. ಆದರೆ ಆ ವ್ಯಾಖ್ಯೆ ಪಟ್ಟಿ ಮಾಡುವುದು ಸಾಧನಗಳನ್ನು. ಸರದಿಯ ಕಾಲವನ್ನು ಯಾವ ಸಾಧನವೂ ತಾನಾಗಿ ತಂದುಕೊಡಲಾರದು. ಕನ್ನಡಕ್ಕೆ ಫಲಕ ಅಥವಾ ತಂತ್ರಾಂಶ ರೂಪಿಸುವವರು ಅಕ್ಷರಗಳಿಗೂ ಮೊದಲು ಎರಡು ಸಂಕೇತಗಳನ್ನು ಸಿದ್ಧಪಡಿಸಬೇಕು: 'ನಿಮ್ಮ ಊಹೆ ತಪ್ಪು' ಮತ್ತು 'ನಾನಿನ್ನೂ ಮುಗಿಸಿಲ್ಲ'. ಪದಮುನ್ಸೂಚನೆಯ ಸೌಲಭ್ಯ ಒದಗಿಸುವಾಗ ಕ್ರಿಯಾಪದದ ಕೊನೆಯ ಪ್ರತ್ಯಯವನ್ನು ಯಂತ್ರದ ಊಹೆಗೆ ಒಪ್ಪಿಸಬಾರದು.

ಭಾಷಾವಿಜ್ಞಾನಿಗಳಾದ ನಮಗೂ ಇಲ್ಲಿ ಒಂದು ಪಾಠವಿದೆ. 200 ಮಿಲಿಸೆಕೆಂಡಿನ ಸರಾಸರಿಯನ್ನು ಮಾನವ ಸಂಭಾಷಣೆಯ ಸಾಮಾನ್ಯ ಲಕ್ಷಣವೆಂದು ತರಗತಿಯಲ್ಲಿ ಬೋಧಿಸುವಾಗ, ಆ ವೇಗಕ್ಕೆ ಎಟುಕದವರನ್ನು ಸಂಭಾಷಣೆಯ ಹೊರಗಿಡುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ಬೊಬಿಯ ವಾಕ್ಯಗಳು ಪೂರ್ಣಗೊಂಡದ್ದು, ಕೊನೆಯ ಅಕ್ಷರದವರೆಗೆ ಕಾಯಲು ಒಬ್ಬರು ಒಪ್ಪಿದ್ದರಿಂದ. ಕ್ರಿಯಾಪದದ ತುದಿಯಲ್ಲಿ ಅರ್ಥವನ್ನು ನಿರ್ಧರಿಸುವ ಭಾಷೆಯನ್ನಾಡುವ ನಾವು ಆ ಕಾಯುವಿಕೆಯನ್ನು ಇನ್ನೂ ಚೆನ್ನಾಗಿ ಅರಿತಿರಬೇಕು.