ಆಟಗಾರನಿಲ್ಲದ ಆಟ

ರೇಷ್ಮೆ ನೂಲು ಬಿಚ್ಚುವವರ ಕೈ ನೋಡಿದರೆ ಸಾಕು, ಕಸುಬು ಗೊತ್ತಾಗಿಬಿಡುತ್ತದೆ. ಬೇಯಿಸಿದ ಗೂಡುಗಳನ್ನು ಬಿಸಿನೀರಿನಲ್ಲಿ ತಡಕಬೇಕು, ಕಣ್ಣಿಗೆ ನೆಟ್ಟಗೆ ಕಾಣದ ಎಳೆಯ ತುದಿ ಹಿಡಿಯಬೇಕು, ಹಲವು ಗೂಡುಗಳ ಎಳೆ ಕೂಡಿಸಿ ರಾಟೆಗೆ ಕೊಡಬೇಕು. ದಿನವಿಡೀ ನೀರಲ್ಲಿ ಅದ್ದಿದ ಬೆರಳು ಬಿಳಿಚಿ ಸುಲಿಯುತ್ತದೆ. ಗೂಡಿನ ಮಾರುಕಟ್ಟೆಯಿರುವ ಕೊಳ್ಳೇಗಾಲಕ್ಕೆ ಇದು ಹೊಸ ಸಂಗತಿಯಲ್ಲ. ಚರಕದ ಜಾಗಕ್ಕೆ ಕಾಟೇಜ್ ಬೇಸಿನ್ ಎಂಬ ಸುಧಾರಿತ ಸಾಧನ ಬಂತು, ಈಗ ರಾಜ್ಯದಲ್ಲಿ ಸ್ವಯಂಚಾಲಿತ ರೀಲಿಂಗ್ ಯಂತ್ರಗಳೂ ಓಡುತ್ತಿವೆ. ಆ ಬೆರಳುಗಳಿಗೆ ಯಂತ್ರ ಬಿಡುವು ಕೊಟ್ಟರೆ ಸಂತೋಷವೇ. ಅಲ್ಲಿ ಬೇಕಾಗಿರುವುದು ನೂಲು.

ಅದೇ ಸೀಮೆಯಲ್ಲಿ ಇನ್ನೊಂದು ಬಗೆಯ ಶ್ರಮವೂ ಇದೆ. ಹನೂರು ದಾಟಿ ತಾಳಬೆಟ್ಟ ತಲುಪಿದ ಭಕ್ತರು, ಮೇಲಕ್ಕೆ ಬಸ್ಸಿದ್ದರೂ, ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಾರೆ. ಅಲ್ಲಿ ನಡೆಯುವುದೇ ಹರಕೆ. ಕೂಲಿ ಕೊಟ್ಟು ಬೇರೊಬ್ಬನನ್ನು ನಡೆಸಿದರೆ ಹರಕೆ ತೀರುವುದಿಲ್ಲ.

ಸಾವಿರಾರು ಜನ ಒಂದೇ ಲೋಕದೊಳಗೆ ಪಾತ್ರಗಳಾಗಿ ಬೆಳೆಯುವ ಆನ್‌ಲೈನ್ ಆಟಗಳಲ್ಲಿ ‘ಬಾಟ್’ ಏನು ಮಾಡುತ್ತದೆ ಎಂದು ತೂಗುವಾಗ ಈ ಎರಡು ಶ್ರಮಗಳ ವ್ಯತ್ಯಾಸವನ್ನು ಮರೆಯಬಾರದು. ಬಿಜಿಎಂಐ, ಫ್ರೀ ಫೈರ್‌ನಂಥ ಗುಂಡು ಹಾರಿಸುವ ಮೊಬೈಲ್ ಆಟಗಳನ್ನು ಆಡುವ ಹುಡುಗರಿಗೆ, ಅವರು ಯಳಂದೂರಿನವರಿರಲಿ ಬೆಂಗಳೂರಿನವರಿರಲಿ, ‘ಬಾಟ್’ ಎನ್ನುವುದು ಬೈಗುಳ: ಗುರಿಯಿಡಲು ಬಾರದವನು ಎಂದರ್ಥ. ಪಾತ್ರ ಬೆಳೆಸುವ ಆಟಗಳಲ್ಲಿ ಮಾತ್ರ ಬಾಟ್ ಎಂದರೆ ಮನುಷ್ಯನ ಬದಲಿಗೆ ತಾನೇ ಆಡುವ ತಂತ್ರಾಂಶ. ಅದಕ್ಕೆ ದಣಿವಿಲ್ಲ, ಬೇಸರವಿಲ್ಲ.

ಅಂಥ ತಂತ್ರಾಂಶಗಳಲ್ಲಿ ಹೆಸರಾದದ್ದು ‘ಗ್ಲೈಡರ್’. ಬ್ಲಿಜಾರ್ಡ್ ಕಂಪನಿಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2004ರ ನವೆಂಬರ್‌ನಲ್ಲಿ ಬಂತು. 2005ರಲ್ಲಿ ಮೈಕೆಲ್ ಡಾನೆಲಿ ಎಂಬ ಅಮೆರಿಕದ ಪ್ರೋಗ್ರಾಮರ್ ಮೊದಲು ತನ್ನ ಬಳಕೆಗೆಂದು ಗ್ಲೈಡರ್ ಬರೆದ, ಆಮೇಲೆ ಮಾರಾಟಕ್ಕಿಟ್ಟ. ಅದರ ಕೆಲಸ ಸರಳವಾಗಿತ್ತು. ಪಾತ್ರ ಓಡಾಡಬೇಕಾದ ದಾರಿಯನ್ನು ಒಮ್ಮೆ ಗುರುತು ಹಾಕಿಕೊಟ್ಟರೆ ಸಾಕಿತ್ತು. ಪಾತ್ರ ಅದೇ ದಾರಿಯಲ್ಲಿ ಸುತ್ತುತ್ತಿತ್ತು, ಎದುರಾದ ಪ್ರಾಣಿಯನ್ನು ಕೊಲ್ಲುತ್ತಿತ್ತು, ಬಿದ್ದದ್ದನ್ನು ಬಾಚಿಕೊಳ್ಳುತ್ತಿತ್ತು, ಶಕ್ತಿ ಕುಗ್ಗಿದರೆ ಕೂತು ಸುಧಾರಿಸಿಕೊಂಡು ಮತ್ತೆ ಹೊರಡುತ್ತಿತ್ತು. ಖಾತೆಯ ಒಡೆಯ ಮಲಗಿರುತ್ತಿದ್ದ. ಪಕ್ಕದಲ್ಲಿ ನಿಂತ ಇನ್ನೊಬ್ಬ ಆಟಗಾರ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ.

ಇದರ ಸುಮಾರು 1,20,000 ಪರವಾನಗಿಗಳು ಮಾರಾಟವಾದವು. 2004ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಬಾಟ್‌ಗಳ ಬಗ್ಗೆ ತನಗೆ 4,65,000 ದೂರುಗಳು ಬಂದವೆಂದು ಬ್ಲಿಜಾರ್ಡ್ ನ್ಯಾಯಾಲಯಕ್ಕೆ ತಿಳಿಸಿತು. 2010ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಬಾಟ್ ಬಳಸಿದವರು ಕಂಪನಿಯೊಂದಿಗಿನ ಕರಾರು ಮುರಿದಿದ್ದಾರೆ, ಆದರೆ ಕೃತಿಸ್ವಾಮ್ಯ ಉಲ್ಲಂಘಿಸಿಲ್ಲ. ಬಾಟ್ ಪತ್ತೆಹಚ್ಚಲು ಕಂಪನಿ ಇಟ್ಟಿದ್ದ ‘ವಾರ್ಡನ್’ ಎಂಬ ಕಾವಲನ್ನು ತಪ್ಪಿಸುವ ಸಾಧನ ಮಾರಿದ್ದು ಮಾತ್ರ ಕಾನೂನಿಗೆ ವಿರುದ್ಧ ಎಂಬುದು ಅದರ ಸಾರ.

ಕರಾರು ಮತ್ತು ಕಾವಲು, ಕಾನೂನಿನ ಕೈಗೆ ಸಿಕ್ಕಿದ್ದು ಇವೆರಡೇ. ಆಟಗಾರನಿಗೆ ಆದ ನಷ್ಟ ಇವೆರಡಕ್ಕಿಂತ ದೊಡ್ಡದು. ಹೊಸಬನೊಬ್ಬ ಒಂದು ಸಂಜೆಯೆಲ್ಲ ಅಗೆದು ತಂದ ಅದಿರಿಗೆ ಆಟದೊಳಗಿನ ಪೇಟೆಯಲ್ಲಿ ಬೆಲೆಯಿರುವುದಿಲ್ಲ, ಏಕೆಂದರೆ ಬಾಟ್‌ಗಳು ರಾತ್ರಿಯೆಲ್ಲ ಅಗೆದು ರಾಶಿ ಹಾಕಿರುತ್ತವೆ. ಬೆಲೆ ಇಳಿದದ್ದಕ್ಕಿಂತ ಜೊತೆಗಾರರು ಇಲ್ಲವಾದದ್ದು ಹೆಚ್ಚು ನೋಯಿಸುವಂಥದ್ದು. ಇಂಥ ಆಟಕ್ಕೆ ಜನ ಬರುವುದೇ ಇನ್ನೊಬ್ಬರ ಜೊತೆ ಕಾಡು ಸುತ್ತಲು. ಕಾಡು ತುಂಬ ಪಾತ್ರಗಳಿದ್ದು, ಅವುಗಳೊಳಗೆ ಮನುಷ್ಯರೇ ಇಲ್ಲದಿದ್ದರೆ ಅಲ್ಲಿಗೆ ಹೋಗುವುದೇಕೆ?

ಹಾಗೆಂದು ತಪ್ಪೆಲ್ಲ ಬಾಟ್ ಬರೆದವನದೇ ಅಲ್ಲ. ಒಂದೇ ಪ್ರಾಣಿಯನ್ನು ನೂರು ಸಲ ಕೊಲ್ಲಿಸಿ ಹಂತ ಏರಿಸುವ, ತಿಂಗಳ ಚಂದಾ ಕಟ್ಟಿಸಿಕೊಂಡು ಹೊತ್ತು ಎಳೆಯುವ ಆಟಗಳನ್ನು ಕಟ್ಟಿದವರು ಕಂಪನಿಗಳೇ. ಗ್ಲೈಡರ್ ಓಡುತ್ತಿದ್ದದ್ದು ಆಟದ ಆರಂಭದ ಹಂತಗಳಲ್ಲಿ. ಲಕ್ಷಕ್ಕೂ ಹೆಚ್ಚು ಪರವಾನಗಿ ಮಾರಾಟವಾಯಿತೆಂದರೆ ಆ ಹಂತಗಳು ಎಷ್ಟು ಜನಕ್ಕೆ ಹೊರೆಯಾಗಿದ್ದವು ಎಂದು ಊಹಿಸಬಹುದು. ದಕ್ಷಿಣ ಕೊರಿಯಾದ ಸಂಸತ್ತು 2016ರ ಕೊನೆಯಲ್ಲಿ ಕಾನೂನು ತಿದ್ದಿ, ಇಂಥ ತಂತ್ರಾಂಶ ಮಾಡಿ ಹಂಚುವವರಿಗೆ ಜೈಲುಶಿಕ್ಷೆ ನಿಗದಿಮಾಡಿತು. ಅದೇ ಹೊತ್ತಿನಲ್ಲಿ ಅಲ್ಲಿ ಬಿಡುಗಡೆಯಾದ ‘ಲಿನೇಜ್ 2: ರೆವಲ್ಯೂಷನ್’ ಎಂಬ ಮೊಬೈಲ್ ಆಟದಲ್ಲಿ ‘ಆಟೊ’ ಗುಂಡಿಯಿತ್ತು. ಒತ್ತಿದರೆ ಪಾತ್ರ ತಾನೇ ನಡೆದು ತಾನೇ ಕಾದಾಡುತ್ತಿತ್ತು. ಹೊರಗಿನವನು ಬರೆದರೆ ಅಪರಾಧವಾಗುವುದು ಕಂಪನಿಯೇ ಕೊಟ್ಟರೆ ಸೌಲಭ್ಯವಾಗುವುದಾದರೆ, ಕಂಪನಿ ಕಾಯುತ್ತಿರುವುದು ಆಟವನ್ನಲ್ಲ, ಆದಾಯವನ್ನು. ಬೇಸರ ಹುಟ್ಟಿಸುವ ಹಂತಗಳನ್ನು ಕಿತ್ತುಹಾಕುವುದು ಕಂಪನಿಗಳ ಮೊದಲ ಕರ್ತವ್ಯ.

ಕಾವಲು ಅತಿಯಾದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಜಾಗೆಕ್ಸ್ ಕಂಪನಿಯ ‘ರೂನ್‌ಸ್ಕೇಪ್’ ತೋರಿಸಿತು. ಬಾಟ್‌ಗಳಿಂದ ಆಟದ ಚಿನ್ನ ಕೂಡಿಸಿ ನಿಜವಾದ ದುಡ್ಡಿಗೆ ಮಾರುವವರ ಕಾಟ ತಡೆಯಲಾರದೆ, 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ ಕಂಪನಿ ಆಟಗಾರರ ನಡುವಿನ ಮುಕ್ತ ಕೊಡುಕೊಳ್ಳುವಿಕೆಗೇ ಬೇಲಿ ಹಾಕಿತು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಬೆಲೆ ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಚಿನ್ನದ ವ್ಯಾಪಾರಿಗಳ ದಾರಿ ಮುಚ್ಚಿತು, ಜೊತೆಗೆ ಹಳೆಯ ಆಟಗಾರನೊಬ್ಬ ಹೊಸ ಗೆಳೆಯನಿಗೆ ಒಳ್ಳೆಯ ಕತ್ತಿಯೊಂದನ್ನು ಸುಮ್ಮನೆ ಕೊಡುವ ದಾರಿಯೂ ಮುಚ್ಚಿತು. ಮೂರು ವರ್ಷದ ಮೇಲೆ ಕಂಪನಿ ಆಟಗಾರರನ್ನೇ ಕೇಳಿತು. 12 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದು, ನೂರಕ್ಕೆ 91ರಷ್ಟು ಬೇಲಿ ತೆಗೆಯಿರಿ ಎಂದವು. 2011ರ ಫೆಬ್ರವರಿಯಲ್ಲಿ ಬೇಲಿ ತೆಗೆದರು. ಬಾಟ್‌ಗಳು ಮತ್ತೆ ನುಗ್ಗಿದವು, ಅದೇ ಅಕ್ಟೋಬರ್‌ನಲ್ಲಿ ಕಂಪನಿ ಲಕ್ಷಾಂತರ ಬಾಟ್ ಖಾತೆಗಳನ್ನು ಕಿತ್ತೊಗೆಯಬೇಕಾಯಿತು. ಆದರೆ ಗೆಳೆಯನ ಕೈಗೆ ಕತ್ತಿ ಕೊಡುವ ದಾರಿಯನ್ನು ಈ ಸಲ ಮುಚ್ಚಲಿಲ್ಲ.